ದೊಮ್ನಿಕಾ ಎಣಿಸಿದ ದಿನಗಳು

ಸಿರೆತ್ ಹೊಳೆಯ ದಂಡೆಯ ಆ ಸಣ್ಣ ಊರಿಗೆ ನೂಲಿನ ಗಿರಣಿಯೇ ದೊಡ್ಡದು. ಅದರಲ್ಲಿ ನಾನೂರು ಹೆಂಗಸರು ದುಡಿಯುತ್ತಿದ್ದರು. ದೊಮ್ನಿಕಾ ಹುರ್ಜುಯಿ ಅವರಲ್ಲೊಬ್ಬಳು. ಹದಿನೇಳನೆಯ ವಯಸ್ಸಿಗೆ ನೂಲು ಸುತ್ತುವ ಬಾಬಿನ್‌ಗಳ ಬುಟ್ಟಿ ಹೊರಲು ಸೇರಿದವಳು ಮೂವತ್ತನಾಲ್ಕರ ಹೊತ್ತಿಗೆ ಒಂದಿಡೀ ಸಾಲಿನ ಯಂತ್ರಗಳನ್ನು ಒಬ್ಬಳೇ ಸಂಭಾಳಿಸುತ್ತಿದ್ದಳು. ಎಲ್ಲಿ ಎಳೆ ಕಡಿಯಿತೋ ಅಲ್ಲಿಗೆ ಓಡಿ, ಎರಡು ಬೆರಳಲ್ಲಿ ಹೊಸೆದು ಕೂಡಿಸಿ, ಮುಂದಿನದಕ್ಕೆ ಓಡುವುದರಲ್ಲಿ ಅವಳ ಕೈಗೆ ಸಾಟಿ ಇರಲಿಲ್ಲ. ನಗುಮುಖದ ಹೆಂಗಸು. ಆ ನಗು 1986ರ ವಸಂತದಲ್ಲಿ, ಪಕ್ಕದ ಸಾಲಿನ ಝೆನೋವಿಯಾ ಸತ್ತ ವಾರ ನಿಂತುಹೋಯಿತು.

ಝೆನೋವಿಯಾಗೆ ಇಪ್ಪತ್ತೊಂಬತ್ತು ವಯಸ್ಸು, ಎರಡು ಮಕ್ಕಳು. ಮೂರನೆಯದು ನಿಂತಿದೆಯೆಂದು ತಿಳಿದಾಗ ಯಾರಿಗೂ ಹೇಳದೆ ಯಾವುದೋ ಮನೆಯ ಹಿತ್ತಲ ಬಾಗಿಲು ತಟ್ಟಿ ಬಂದಿದ್ದಳು. ಮೂರು ದಿನಕ್ಕೆ ಜ್ವರ ಏರಿತು, ಆಸ್ಪತ್ರೆಗೆ ಹೊತ್ತರು. ಅಲ್ಲಿ ಅವಳ ಮಂಚದ ಪಕ್ಕಕ್ಕೆ ಡಾಕ್ಟರಿಗಿಂತ ಮೊದಲು ಕುರ್ಚಿ ಎಳೆದುಕೊಂಡು ಕೂತವನು ಪೊಲೀಸ್ ಲೆಫ್ಟಿನೆಂಟು. "ಯಾರು ಮಾಡಿದ್ದು, ಹೆಸರು ಹೇಳು. ಔಷಧಿ ಆಮೇಲೆ." ಝೆನೋವಿಯಾ ಹೆಸರು ಹೇಳಲಿಲ್ಲ. ಔಷಧಿ ಬರುವ ಹೊತ್ತಿಗೆ ಕೊಡುವುದಕ್ಕೆ ಅವಳಿರಲಿಲ್ಲ. ಮಣ್ಣಿಗೆ ಹೋದ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡದೆ ಹಿಂತಿರುಗಿದರು. ಯಾರ ಕಣ್ಣಲ್ಲಿ ಏನಿದೆಯೆಂದು ಎಲ್ಲರಿಗೂ ಗೊತ್ತಿತ್ತು.

ಕಾನೂನು ಹಾಗಿತ್ತು. ಐದು ಹೆತ್ತವಳಿಗೆ, ನಲವತ್ತೈದು ತುಂಬಿದವಳಿಗೆ, ಇಲ್ಲವೇ ಜೀವಕ್ಕೆ ಅಪಾಯವೆಂದು ಡಾಕ್ಟರು ಬರೆದುಕೊಟ್ಟವಳಿಗೆ ಮಾತ್ರ ಬಸಿರು ಬೇಡವೆನ್ನುವ ಹಕ್ಕು. ಉಳಿದವರ ಹೊಟ್ಟೆ ದೇಶದ್ದು. ಗರ್ಭ ತಡೆಯುವ ಮಾತ್ರೆ ಔಷಧದಂಗಡಿಯಲ್ಲಿ ಸಿಗುತ್ತಿರಲಿಲ್ಲ. ಅದನ್ನು ಕೇಳಿದವಳ ಹೆಸರು ಮಾತ್ರ ಬೇಗನೆ ಎಲ್ಲಿಗೋ ತಲುಪುತ್ತಿತ್ತು. ಎರಡು ತಿಂಗಳಿಗೊಮ್ಮೆ, ಯಾವುದೋ ಸೋಮವಾರ, ಯಂತ್ರಗಳು ಶುರುವಾಗುವ ಮೊದಲೇ ಮೇಸ್ತ್ರಿ ಪ್ರೊಫಿರಾ ಪಟ್ಟಿ ಹಿಡಿದು ಹೆಸರು ಕೂಗುತ್ತಿದ್ದಳು. ಕೂಗಿಸಿಕೊಂಡವರು ವೈದ್ಯಕೀಯ ಕೋಣೆಯ ಮುಂದೆ, ತಣ್ಣನೆ ಓಣಿಯಲ್ಲಿ, ಒಳ ಉಡುಪು ಕೈಯಲ್ಲಿ ಮುದುಡಿಕೊಂಡು ಸಾಲು ನಿಲ್ಲಬೇಕು. ಯಾರು ಬಸುರಿ, ಯಾರು ಅಲ್ಲ, ಯಾರದು ತಡವಾಗಿದೆ ಎಂದು ಒಳಗೆ ಬರೆದುಕೊಳ್ಳುತ್ತಿದ್ದರು. ಬರೆದ ಬಸಿರು ಮುಂದಿನ ಸಲ ಇಲ್ಲವಾಗಿದ್ದರೆ, ಏಕಿಲ್ಲ ಎಂದು ಕೇಳುವವರು ಬೇರೆಯವರು.

"ನನ್ನ ಗಂಡನಿಗಿಂತ ಸರಕಾರಕ್ಕೇ ನನ್ನ ಮೈಮೇಲೆ ಆಸೆ ಜಾಸ್ತಿ ಕಣ್ರೇ," ಎಂದು ಸಾಲಿನಲ್ಲಿ ಯಾರೋ ಪಿಸುಗುಟ್ಟುತ್ತಿದ್ದರು.

"ಸರಕಾರ ಗೊರಕೆ ಹೊಡೆಯಲ್ಲ, ಅದೊಂದು ಪುಣ್ಯ," ಎನ್ನುತ್ತಿದ್ದಳು ಇನ್ನೊಬ್ಬಳು.

ಝೆನೋವಿಯಾ ಹೋದ ಮೇಲೆ ಸಾಲಿನಲ್ಲಿ ಆ ಪಿಸುಮಾತೂ ಇರಲಿಲ್ಲ.

ದೊಮ್ನಿಕಾಳ ಭಯಕ್ಕೆ ಇನ್ನೊಂದು ಬೇರಿತ್ತು. ಅವಳಿಗೆ ಎರಡು ಗಂಡು, ಒಂದು ಹೆಣ್ಣು. ನಾಲ್ಕು ವರ್ಷದ ಹಿಂದೆ ಕೊನೆಯವಳು ಇಲಿಂಕಾ ಹುಟ್ಟಿದಾಗ ರಕ್ತ ನಿಲ್ಲಲೇ ಇಲ್ಲ. ಹಾಸಿಗೆ ತೊಯ್ದು ನೆಲಕ್ಕೆ ಹನಿಯಿತು. ಕಿವಿಯಲ್ಲಿ ಗಿರಣಿಯ ಸದ್ದು ದೂರ ದೂರ ಹೋದಂತಾಗಿ ಅವಳು ಕಣ್ಣು ಮುಚ್ಚಿದ್ದಳು. ಹೇಗೋ ಉಳಿದಳು. ಆಗಿದ್ದ ಮುದಿ ಡಾಕ್ಟರು ಬಾಗಿಲು ಹಾಕಿಕೊಂಡು ಹೇಳಿದ್ದರು: "ಇನ್ನೊಂದಾದರೆ ನೀನು ಉಳಿಯೋಲ್ಲ, ತಾಯಿ." ಅದನ್ನೇ ಕಾಗದದ ಮೇಲೆ ಬರೆದುಕೊಡಿ ಎಂದು ಅವಳು ಕೈಮುಗಿದಾಗ ಅವರು ಕಿಟಕಿಯ ಕಡೆ ನೋಡಿದರು. "ಬರೆದರೆ ಯಾಕೆ ಬರೆದೆ ಅಂತ ನನ್ನನ್ನು ಕೇಳ್ತಾರೆ. ಬಾಯಲ್ಲಿ ಹೇಳಿದ್ದೇನೆ. ಗಂಡನಿಗೆ ಹೇಳು."

ಗಂಡ ಇಲಾರಿಯೆ ಮರದ ಕಾರ್ಖಾನೆಯ ಲಾರಿ ಓಡಿಸುವವನು. ಕುಡಿದು ಬಂದು ಕೈಯೆತ್ತುವ ಜಾತಿಯಲ್ಲ. ಹೆಂಡತಿ ಹೇಳಿದ್ದನ್ನು ಕೇಳಿ ತಲೆಯಾಡಿಸಿದ. ಆದರೆ ಒಂದೇ ಕೋಣೆಯ ಮನೆ, ಚಳಿಗಾಲದಲ್ಲೂ ಬಿಸಿಯಾಗದ ಕಾವಿನ ಕೊಳವೆಗಳು, ಇಬ್ಬರೂ ಮೂವತ್ತರ ಆಚೀಚೆಯವರು. ತಲೆಯಾಡಿಸಿದ್ದು ಎಷ್ಟು ದಿನ ನಡೆದೀತು? ಝೆನೋವಿಯಾ ಸತ್ತ ಮೇಲೆ ದೊಮ್ನಿಕಾ ಇಲಿಂಕಾಳನ್ನು ತಂದು ಹಾಸಿಗೆಯ ನಡುವೆ ಮಲಗಿಸಿಕೊಂಡಳು. ಗಂಡನ ಕೈ ಅಕಸ್ಮಾತ್ತಾಗಿ ತಾಗಿದರೂ ಅವಳ ಮೈ ಸೆಟೆಯುತ್ತಿತ್ತು.

"ನಾನೇನು ತೋಳನೇನೇ?" ಎಂದು ಕೇಳಿದ ಒಂದು ಬೆಳಗ್ಗೆ, ಬೂಟು ಕಟ್ಟುತ್ತ.

"ನೀನಲ್ಲ."

"ಮತ್ತೆ? ನನ್ನ ಕಂಡರೆ ಗೋಡೆಗೆ ಅಂಟಿಕೊಳ್ತೀಯ. ಹನ್ನೆರಡು ವರ್ಷದ ಸಂಸಾರ, ಈಗ ಮಗುನ ನಡುವೆ ಕಾವಲಿಗಿಟ್ಟಿದೀಯ."

"ಸತ್ತರೆ ಈ ಮೂರನ್ನ ನೀನು ನೋಡ್ಕೋತೀಯ? ಲಾರಿಯಲ್ಲಿ ಕೂರಿಸ್ಕೊಂಡು?"

ಅವನು ಬಾಗಿಲು ಎಳೆದುಕೊಂಡು ಹೋದ. ಬಾಗಿಲು ಮೆತ್ತಗೇ ಮುಚ್ಚಿತು. ಅದೇ ಅವಳಿಗೆ ಹೆಚ್ಚು ನೋವಾದದ್ದು.

ಗಿರಣಿಯ ಹೆಂಗಸರ ನಡುವೆ ಕಿವಿಯಿಂದ ಕಿವಿಗೆ ಹೋಗುತ್ತಿದ್ದ ಒಂದು ಲೆಕ್ಕವಿತ್ತು: ಮುಟ್ಟಾದ ಮೊದಲ ದಿನದಿಂದ ಹತ್ತು ಎಣಿಸು, ಆಮೇಲೆ ಹತ್ತು ದಿನ ದೂರವಿರು, ಮಿಕ್ಕದ್ದು ನಿನ್ನದು. ಗಡಿಯಾರದಂತೆ ಇಪ್ಪತ್ತೆಂಟಕ್ಕೆ ಆಗುವವರಿಗೆ ಅದು ಸರಿಹೋಗುತ್ತಿತ್ತೇನೋ. ದೊಮ್ನಿಕಾಳದು ಒಮ್ಮೆ ಇಪ್ಪತ್ತಾರು, ಒಮ್ಮೆ ಮೂವತ್ತಮೂರು. ಝೆನೋವಿಯಾಳದೂ ಹಾಗೇ. ಅವಳು ಎಣಿಸಿಯೇ ಕೆಟ್ಟಿದ್ದಳು.

ಆ ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ದೊಮ್ನಿಕಾ ಹಳ್ಳಿಗೆ ಹೋದಳು. ಅಲ್ಲಿ ಅವಳ ತಾಯಿಯ ತಂಗಿ ತುದೋರಾ ಇದ್ದಳು. ಅರವತ್ತರ ಹತ್ತಿರದ ವಿಧವೆ. ಸಾಮೂಹಿಕ ಬೇಸಾಯದ ಕೊಟ್ಟಿಗೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹಸುಗಳಿಗೆ ಗರ್ಭ ಕಟ್ಟಿಸುವ ಕೆಲಸ ಮಾಡುತ್ತಿದ್ದಳು. ಪೇಟೆಯಿಂದ ಬರುವ ಕೊಳವೆಯಲ್ಲಿನ ಬೀಜವನ್ನು ಸರಿಯಾದ ಹೊತ್ತಿಗೆ ಸರಿಯಾದ ಹಸುವಿಗೆ ಹಾಕಬೇಕು. ಹೊತ್ತು ತಪ್ಪಿದರೆ ಆ ತಿಂಗಳು ದಂಡ. ತುದೋರಾಗೆ ಹೊತ್ತು ತಪ್ಪಿದ್ದೇ ಇಲ್ಲ ಎಂದು ಸುತ್ತಲ ಹಳ್ಳಿಗಳಲ್ಲಿ ಹೆಸರು.

ಊಟಕ್ಕೆ ಮೆಕ್ಕೆಜೋಳದ ಮುದ್ದೆ, ಕುರಿಹಾಲಿನ ಚೀಸು, ಈರುಳ್ಳಿ. ಮಕ್ಕಳು ತಿಂದು ಹೊಳೆಯ ಕಡೆ ಓಡಿದರು. ದೊಮ್ನಿಕಾ ಮುದ್ದೆಯನ್ನು ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟಳು. ತುದೋರಾ ಅವಳನ್ನು ಒಂದಷ್ಟು ಹೊತ್ತು ನೋಡಿದಳು.

"ಯಾರೇ ಹೊಡೆದ್ರು ನಿನ್ನ?"

"ಯಾರೂ ಇಲ್ಲ ಚಿಕ್ಕಮ್ಮ."

"ಮತ್ಯಾಕೆ ಹೊಡೆತ ತಿಂದ ನಾಯಿ ಹಂಗೆ ಕೂತಿದೀಯ?"

ದೊಮ್ನಿಕಾ ಎದ್ದು ಕಿಟಕಿ ಮುಚ್ಚಿದಳು. ಆಮೇಲೆ ಎಲ್ಲವನ್ನೂ ಹೇಳಿದಳು. ಝೆನೋವಿಯಾ, ರಕ್ತ, ಮುದಿ ಡಾಕ್ಟರು, ಹಾಸಿಗೆಯ ನಡುವಿನ ಮಗು. ಹೇಳುತ್ತ ಹೇಳುತ್ತ ದನಿ ಎಷ್ಟು ಇಳಿಯಿತೆಂದರೆ ತುದೋರಾ ಮೇಜಿನ ಮೇಲೆ ಬಾಗಿ ಕೇಳಬೇಕಾಯಿತು. ಕೇಳಿ ಮುಗಿಸಿ, ತಲೆಗೆ ವಸ್ತ್ರ ಕಟ್ಟಿಕೊಂಡಳು.

"ಬಾ. ಜೊಯಾನ ಬೆದೆಗೆ ಬಂದಿದಾಳೆ. ನೋಡುವಂತೆ."

ಕೊಟ್ಟಿಗೆಯಲ್ಲಿ ಜೊಯಾನ ಎಂಬ ಕೆಂಪು ಹಸು ನಿಲ್ಲಲಾರದೆ ಒದ್ದಾಡುತ್ತ ಪಕ್ಕದ್ದರ ಬೆನ್ನ ಮೇಲೆ ಗಲ್ಲವಿಟ್ಟು ಕೂಗುತ್ತಿತ್ತು. ತುದೋರಾ ಅದರ ಬಾಲ ಎತ್ತಿ ಹಿಡಿದಳು. ಹಿಂದಿನಿಂದ ಉದ್ದನೆಯ ಲೋಳೆಯ ಎಳೆಯೊಂದು ತೂಗುತ್ತಿತ್ತು. ನೀರಿನಷ್ಟು ತಿಳಿ, ಗಾಜಿನ ಹಾಗೆ ಹೊಳೆಯುತ್ತ, ಕಡಿಯದೆ ಮೊಣಕಾಲಿನವರೆಗೆ.

"ಇದು ಕಂಡರೆ ಒಳಗೆ ಅಂಡ ಬಲಿತಿದೆ, ಇವತ್ತೋ ನಾಳೆಯೋ ಒಡೆದು ಬರತ್ತೆ ಅಂತ ಅರ್ಥ. ಬೆಳಗ್ಗೆ ಕಂಡರೆ ಸಂಜೆಗೆ ನಾನು ಕೆಲಸ ಮಾಡ್ತೀನಿ, ಸಂಜೆ ಕಂಡರೆ ಮರುದಿನ ಬೆಳಗ್ಗೆ. ಗೊತ್ತಾಯ್ತಾ?"

"ಹಸುವಿನ ಮಾತು ನನಗ್ಯಾಕೆ ಚಿಕ್ಕಮ್ಮ?"

"ಅಯ್ಯೋ ಪೆದ್ದಿ, ನಿನಗೂ ಬರತ್ತಲ್ಲೇ ಇದು! ಪ್ರತಿ ತಿಂಗಳು ಬರತ್ತೆ. ಹಸು ಊರಿಗೆಲ್ಲ ಕೂಗಿ ಹೇಳತ್ತೆ, ನಮ್ಮ ಮೈ ಪಿಸುಗುಟ್ಟತ್ತೆ. ಅಷ್ಟೇ ವ್ಯತ್ಯಾಸ. ನಿನಗೆ ಯಾವತ್ತೂ ಹಸಿ ಮೊಟ್ಟೆಯ ಬಿಳಿ ಹಂಗೆ ಜಾರೋದು ಕಂಡಿಲ್ವಾ, ಮುಟ್ಟಿಗೂ ಮುಟ್ಟಿಗೂ ನಡುವೆ?"

ದೊಮ್ನಿಕಾ ಕೆಂಪಾದಳು. ಕಂಡಿತ್ತು. ಎಷ್ಟೋ ಸಲ. ಅದು ಕಾಯಿಲೆಯೆಂದುಕೊಂಡು ನಾಚಿ, ಯಾರಿಗೂ ಹೇಳದೆ ಬಿಸಿನೀರಿನಲ್ಲಿ ತೊಳೆದುಕೊಳ್ಳುತ್ತಿದ್ದಳು.

ಅವತ್ತು ಸಂಜೆಯವರೆಗೆ ತುದೋರಾ ಬಿಡಿಸಿ ಬಿಡಿಸಿ ಹೇಳಿದಳು. ಮುಟ್ಟು ನಿಂತ ಮೇಲೆ ಕೆಲವು ದಿನ ಒಣ. ಆಮೇಲೆ ಸ್ವಲ್ಪ ಅಂಟು, ಬೆಳ್ಳಗೆ. ಅಂಟು ಕಂಡ ದಿನವೇ ಎಚ್ಚರ. ಮುಂದೆ ಅದೇ ತಿಳಿಯಾಗಿ, ಜಾರುತ್ತ, ಎರಡು ಬೆರಳಿನ ನಡುವೆ ಎಳೆದರೆ ಎಳೆಯಾಗುತ್ತದೆ. ಆಗ ಬಾಗಿಲು ಹಾರು ಹೊಡೆದಿದೆ ಎಂದೇ ತಿಳಿ. ಕೆಲವರಿಗೆ ಕಿಬ್ಬೊಟ್ಟೆಯ ಒಂದು ಪಕ್ಕ ಚುಚ್ಚುತ್ತದೆ, ಮೊಲೆ ಬಿಗಿಯುತ್ತದೆ. ಎಳೆ ಹೋಗಿ ಮತ್ತೆ ಒಣಗಿದ ಮೇಲೆ ನಾಲ್ಕು ದಿನ ಕಾಯಬೇಕು.

"ಅಂಡ ಒಂದು ದಿನದ ಅತಿಥಿ. ಗಂಡಸಿನ ಬೀಜ ಹಂಗಲ್ಲ, ಮೊಂಡು. ಒಳಗೆ ಹೋಗಿ ಐದು ದಿನ ಬೇಕಾದ್ರೂ ಕಾದು ಕೂರತ್ತೆ. ಅದಕ್ಕೇ ಮುಂಚೆಯಿಂದಲೇ ದೂರ ಇರಬೇಕು. ನಿಮ್ಮ ಗಿರಣಿಯವರು ಎಣಿಸೋದು ಮುಟ್ಟಿಂದ. ಮೈ ಎಣಿಸೋದು ಅಂಡದಿಂದ. ಅಂಡ ಬಿದ್ದ ಮೇಲೆ ಎರಡು ವಾರಕ್ಕೆ ಮುಟ್ಟು, ಅದು ಹೆಚ್ಚು ಕಡಿಮೆ ತಪ್ಪಲ್ಲ. ಅಂಡ ಬೀಳೋದೇ ತಡ ಆದ್ರೆ ಮುಟ್ಟೂ ತಡ."

ಕೊನೆಗೆ ಪೆಟ್ಟಿಗೆಯಿಂದ ಒಂದು ಪಾದರಸದ ಥರ್ಮಾಮೀಟರ್ ತೆಗೆದುಕೊಟ್ಟಳು. ಮೊದಲು ಹಳ್ಳಿಯಲ್ಲಿದ್ದ ಸೂಲಗಿತ್ತಿ ಕಲಿಸಿದ ಉಪಾಯವಂತೆ. ಬೆಳಗ್ಗೆ ಕಣ್ಣು ಬಿಟ್ಟ ಕೂಡಲೆ, ಕಾಲು ನೆಲಕ್ಕಿಡುವ ಮೊದಲು, ನಾಲಿಗೆಯ ಕೆಳಗೆ ಇಟ್ಟುಕೋ. ಅಂಡ ಬಿದ್ದ ಮೇಲೆ ಮೈ ಒಂದಿಷ್ಟು ಬಿಸಿಯೇರಿ ಮುಟ್ಟಿನವರೆಗೆ ಹಾಗೇ ನಿಲ್ಲುತ್ತದೆ. ಹದಿನೆಂಟು ದಿನವಾದರೂ ಇಳಿಯದಿದ್ದರೆ...

"ಇಳಿಯದಿದ್ದರೆ?"

"ಬಸುರಿ," ಎಂದಳು ತುದೋರಾ, ಬಾಗಿಲ ಕಡೆ ನೋಡಿ. "ಇದನ್ನ ನಾನು ಹೇಳಿಲ್ಲ. ನೀನು ಕೇಳಿಲ್ಲ."

ದೊಮ್ನಿಕಾಳಿಗೆ ಈಗ ಹೊಸ ಭಯ ಹುಟ್ಟಿತು: ಬರೆದಿಡುವುದೆಲ್ಲಿ? ಮನೆಯಲ್ಲಿಟ್ಟರೆ ಹುಡುಗರು ಶಾಲೆಗೆ ಹೊತ್ತೊಯ್ದಾರು. ಕೊನೆಗೆ, ದಿನಕ್ಕೆ ಎಷ್ಟು ಎಳೆ ಕಡಿಯಿತೆಂದು ಬರೆಯಲು ಗಿರಣಿಯಲ್ಲಿ ಕೊಟ್ಟಿದ್ದ ಪುಸ್ತಕದ ಹಿಂಬದಿಯಲ್ಲೇ ಬರೆದಳು. ಮೂವತ್ತಾರು ಪಾಯಿಂಟ್ ನಾಲ್ಕಿದ್ದರೆ ಬರೀ ನಾಲ್ಕು. ಒಣಗಿದ್ದರೆ ಚುಕ್ಕೆ, ಅಂಟಿದ್ದರೆ ಸೊನ್ನೆ, ಎಳೆ ಬಂದರೆ ಸೊನ್ನೆಗೊಂದು ಬಾಲ, ರಕ್ತಕ್ಕೆ ಅಡ್ಡಗೆರೆ. ಮೇಲಂಗಿಯ ಜೇಬಿನಲ್ಲಿ ಪುಸ್ತಕ ಯಾವಾಗಲೂ ಇರುತ್ತಿತ್ತು. ಒಮ್ಮೆ ಪ್ರೊಫಿರಾ ಅದನ್ನು ಎಳೆದುಕೊಂಡು ಹಾಳೆ ತಿರುವಿದಳು.

"ಏನೇ ಇದು, ಬಾಲ ಇರೋ ಸೊನ್ನೆ?"

"ಎಳೆ... ಉದ್ದಕ್ಕೆ ಎಳೆದು ಕಡಿದದ್ದು, ಕಾಮ್ರೇಡ್."

"ಇಷ್ಟೊಂದು ಅಚ್ಚುಕಟ್ಟಾಗಿ ಬರೆದಿಟ್ಟುಕೊಂಡಿದೀಯ! ಉಳಿದ ಸೋಮಾರಿಗಳಿಗೂ ಕಲಿಸು," ಎಂದು ಪುಸ್ತಕ ಹಿಂತಿರುಗಿಸಿದಳು.

ಎರಡು ತಿಂಗಳು ದೊಮ್ನಿಕಾ ಬರೀ ನೋಡಿದಳು. ತುದೋರಾ ಹೇಳಿದಂತೆಯೇ ಆಯಿತು: ಚುಕ್ಕೆ, ಸೊನ್ನೆ, ಬಾಲದ ಸೊನ್ನೆ, ಆಮೇಲೆ ಅಂಕಿ ನಾಲ್ಕರಿಂದ ಏಳಕ್ಕೋ ಎಂಟಕ್ಕೋ ಏರಿ ಎರಡು ವಾರ ನಿಂತು, ಮುಟ್ಟು. ತನ್ನ ಮೈಯಲ್ಲಿ ಹದಿಮೂರನೆಯ ವಯಸ್ಸಿನಿಂದ ನಡೆಯುತ್ತಿದ್ದದ್ದು ಮೂವತ್ತನಾಲ್ಕಕ್ಕೆ ಕಣ್ಣಿಗೆ ಬಿತ್ತು. ಸೆಪ್ಟೆಂಬರಿನ ಒಂದು ಸಂಜೆ ಅವಳು ಇಲಿಂಕಾಳನ್ನು ಎತ್ತಿ ಅಣ್ಣಂದಿರ ಹಾಸಿಗೆಗೆ ಹಾಕಿದಳು. ಇಲಾರಿಯೆಗೆ ಲೆಕ್ಕವನ್ನೆಲ್ಲ ಬಿಡಿಸಿ ಹೇಳಿದಳು. ಅಂದಿನಿಂದ ಅವನೇ ಬೆಳಗ್ಗೆ ಅವಳಿಗಿಂತ ಮೊದಲೆದ್ದು, ಥರ್ಮಾಮೀಟರ್ ಕೊಡವಿ ಪಾದರಸ ಇಳಿಸಿ ಅವಳ ಬಾಯಿಗಿಡುತ್ತಿದ್ದ. "ಲಾರಿಯ ಎಣ್ಣೆ ನೋಡಿದ ಹಂಗೆ," ಎನ್ನುತ್ತಿದ್ದ.

ಜನವರಿಯಲ್ಲಿ ಕೊರೆಯುವ ಚಳಿ ಬಿತ್ತು. ಕಟ್ಟಡದ ಕೊಳವೆಗಳು ದಿನಕ್ಕೆರಡು ಗಂಟೆ ಬೆಚ್ಚಗಾದರೆ ಹೆಚ್ಚು. ಐದನೆಯ ತಾರೀಖು ಮುಟ್ಟಾಗಿದ್ದ ದೊಮ್ನಿಕಾಳಿಗೆ ಅಲ್ಲಿಂದ ಹನ್ನೆರಡನೆಯ ದಿನ ಗಂಟಲು ನೋವು ಬಂದು ಅಂಕಿ ಏರಿತು. ಮೂವತ್ತೇಳು ದಾಟಿ, ಮೆಲ್ಲನೆ ಇಳಿದು, ಎಂಟರಲ್ಲಿ ನಿಂತಿತು. ಎಳೆ ಕಂಡಿರಲಿಲ್ಲ. ಗಂಟಲ ನೋವಿನಲ್ಲಿ ನನಗೇ ಗೊತ್ತಾಗಿಲ್ಲವೇನೋ, ಅಂಕಿ ಸುಳ್ಳಾಡುತ್ತದೆಯೇ, ಎಂದುಕೊಂಡಳು. ಮೈ ತೋರಿಸದೇ ಇದ್ದದ್ದನ್ನು ಬಿಟ್ಟು ಗಾಜಿನ ಕಡ್ಡಿಯನ್ನು ನಂಬಿದಳು. ಹದಿನಾರನೆಯ ದಿನ ಗಂಡನ ಪಕ್ಕಕ್ಕೆ ಸರಿದಳು, ಹತ್ತೊಂಬತ್ತನೆಯ ದಿನ ಮತ್ತೆ.

ಇಪ್ಪತ್ತನೆಯ ದಿನ ಬೆಳಗ್ಗೆ ಇಲಾರಿಯೆ ಕಡ್ಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಮೂರು," ಎಂದ.

"ಏನು?"

"ಮೂವತ್ತಾರು, ಮೂರು. ಇಳಿದಿದೆ. ಒಳ್ಳೇದಲ್ವಾ?"

ದೊಮ್ನಿಕಾ ಕಡ್ಡಿ ಕಿತ್ತುಕೊಂಡು ನೋಡಿದಳು. ಇಳಿಯಬಾರದಿತ್ತು. ಅದು ಜ್ವರವಾಗಿತ್ತು, ಬರೀ ಗಂಟಲಿನ ಜ್ವರ. ಅಂಡ ಇನ್ನೂ ಒಳಗೇ ಇದೆ. ಮರುದಿನ ಸೊನ್ನೆ. ಅದರ ಮರುದಿನ ಗಿರಣಿಯ ಪಾಯಿಖಾನೆಯಲ್ಲಿ, ಎರಡು ಬೆರಳ ನಡುವೆ, ಕಡಿಯದ ಎಳೆ. ಇಪ್ಪತ್ತನಾಲ್ಕನೆಯ ದಿನದವರೆಗೆ ಎಳೆ ಬಂತು. ಎಡಗಡೆ ಕಿಬ್ಬೊಟ್ಟೆ ಚುಚ್ಚಿತು. ಇಪ್ಪತ್ತೈದಕ್ಕೆ ಅಂಕಿ ಏರಿತು, ಈ ಸಲ ಗಂಟಲು ನೋವಿಲ್ಲದೆ.

ಹತ್ತೊಂಬತ್ತಕ್ಕೆ ಐದು ಕೂಡಿಸಿದರೆ ಇಪ್ಪತ್ತನಾಲ್ಕು. ಅವಳು ಯಂತ್ರದ ಮುಂದೆ ನಿಂತು ಅದನ್ನೇ ಕೂಡಿಸಿದಳು, ಬೆರಳಲ್ಲಿ ಕೂಡಿಸಿದಳು, ಬಸ್ಸಿನ ಕಿಟಕಿಯ ಹಬೆಯ ಮೇಲೆ ಬರೆದು ಕೂಡಿಸಿ ಅಳಿಸಿದಳು. ಐದು ದಿನ ಕಾದು ಕೂರುತ್ತದೆ. ಮೊಂಡು. ಎಷ್ಟು ಸಲ ಕೂಡಿಸಿದರೂ ಅಷ್ಟೇ ಬಂತು.

ಆ ಎರಡು ವಾರ ಅವಳು ಹೇಗೆ ಕಳೆದಳೆಂಬುದನ್ನು ಇಲಾರಿಯೆಯೇ ಮುಂದೆ ಹೇಳುತ್ತಿದ್ದ. ಊಟದ ಮುಂದೆ ಕೂತು ಎದ್ದುಬಿಡುತ್ತಿದ್ದಳು. ಹಿರಿಮಗನಿಗೆ ಮಾಂಸ ಹುರಿಯುವುದನ್ನು ಕಲಿಸಿದಳು, ಗಂಡನಿಗೆ ಇಲಿಂಕಾಳ ಜಡೆ ಹಾಕುವುದನ್ನು. ಮಗಳ ತಲೆಗೂದಲನ್ನು ಮೂರು ಭಾಗ ಮಾಡಿ ಹಿಡಿದು ಅವನು ದಪ್ಪ ಬೆರಳುಗಳಲ್ಲಿ ಹೆಣೆದು, ಬಿಚ್ಚಿ, ಮತ್ತೆ ಹೆಣೆಯುತ್ತಿದ್ದ. ದಿನಾ ಬೆಳಗ್ಗೆ ಅವನೇ ಅಂಕಿ ಓದುತ್ತಿದ್ದ: ಏಳು. ಎಂಟು. ಎಂಟು. ಎಂಟು.

ಏರಿ ಹನ್ನೆರಡನೆಯ ಬೆಳಗ್ಗೆ, ಮುಟ್ಟಾಗಿ ಮೂವತ್ತಾರನೆಯ ದಿನ, ಸೋಮವಾರ, ಪ್ರೊಫಿರಾ ಪಟ್ಟಿ ಹಿಡಿದು ನಿಂತಿದ್ದಳು. "ಹುರ್ಜುಯಿ!"

ಡಾಕ್ಟರು ಹೊಸಬಳು. ಸ್ಮರಂಡಾ ಒಲಾರು ಎಂದು ಹೆಸರು. ಯಾಶಿ ಪಟ್ಟಣದಲ್ಲಿ ಓದು ಮುಗಿಸಿ ಶರತ್ಕಾಲದಲ್ಲಿ ಇಲ್ಲಿಗೆ ಹಾಕಿಸಿಕೊಂಡು ಬಂದವಳು. ಇಪ್ಪತ್ತೇಳಿರಬಹುದು. ನಗುವುದಿಲ್ಲ, ಮುಖ ನೋಡುವುದಿಲ್ಲ. ಕಾರ್ಡು ತೆರೆದಳು.

"ಕೊನೆಯದು?"

"ಜನವರಿ ಐದು."

ಪೆನ್ನು ನಿಂತಿತು. "ಇವತ್ತು ಫೆಬ್ರವರಿ ಒಂಬತ್ತು."

"ಹೌದು ಕಾಮ್ರೇಡ್ ಡಾಕ್ಟರ್. ಒಮ್ಮೊಮ್ಮೆ ತಡವಾಗತ್ತೆ."

"ಇಷ್ಟು ತಡ ಆದದ್ದು ಕಾರ್ಡಿನಲ್ಲಿಲ್ಲ." ಒಂದು ಪ್ರಶ್ನೆಯ ಗುರುತು ಹಾಕಿ, ಅದರ ಸುತ್ತ ಗೆರೆ ಎಳೆದಳು. "ಶುಕ್ರವಾರ ಬನ್ನಿ."

ಆ ಗುರುತು ದೊಮ್ನಿಕಾಳ ಕಣ್ಣ ಮುಂದೆಯೇ ನಿಂತಿತು. ಬಸಿರಾದರೆ ಒಂದು ಸಾವು. ಆಗದಿದ್ದರೆ, ಬರೆದದ್ದು ಏಕಿಲ್ಲವೆಂದು ಕೇಳುವವರು ಬರುತ್ತಾರೆ. ಯಾವ ಕಡೆ ತಿರುಗಿದರೂ ಗೋಡೆ.

ಬುಧವಾರ ಬೆಳಗ್ಗೆ ಅಂಕಿ ನಾಲ್ಕಕ್ಕಿಳಿದಿತ್ತು, ಆದರೆ ಅದನ್ನು ನಂಬಲು ಅವಳಿಗೆ ಧೈರ್ಯವಾಗಲಿಲ್ಲ. ಯಂತ್ರದ ಮುಂದೆ ನಿಂತಿದ್ದಾಗ ತೊಡೆಯ ಒಳಗಡೆ ಬಿಸಿ ಇಳಿಯಿತು. ಒಂದು ಗಳಿಗೆ, ಒಂದೇ ಗಳಿಗೆ, ಅವಳಿಗೆ ಕೂಗಿ ನಗಬೇಕೆನಿಸಿತು. ಆಗಿದೆ! ಮುಟ್ಟಾಗಿದೆ! ಕೆಳಗೆ ನೋಡಿದಳು. ತಡವಾದದ್ದಕ್ಕೋ ಏನೋ, ಹೆಚ್ಚಾಗಿಯೇ ಹೋಗುತ್ತಿತ್ತು, ಕಾಲುಚೀಲದವರೆಗೆ ಕೆಂಪು. ಸೋಮವಾರ ಅನುಮಾನ ಬರೆದಿದ್ದಾರೆ, ಬುಧವಾರ ರಕ್ತ. ಝೆನೋವಿಯಾಳ ಹಾಗೆ ಹಿತ್ತಲ ಬಾಗಿಲು ತಟ್ಟಿದ್ದಾಳೆಂದೇ ತಿಳಿಯುತ್ತಾರೆ.

ಮೇಲಂಗಿ ಸುತ್ತಿಕೊಂಡು ಪಾಯಿಖಾನೆಗೆ ಓಡಲು ನೋಡಿದಳು. ಪ್ರೊಫಿರಾ ಅಡ್ಡ ನಿಂತಿದ್ದಳು. ನೆಲದ ಮೇಲಿನ ಹನಿ ನೋಡಿದಳು, ದೊಮ್ನಿಕಾಳ ಮುಖ ನೋಡಿದಳು. "ಅಯ್ಯೋ ಏನು ಮಾಡ್ಕೊಂಡೆಯೇ, ಹಾಳಾದವಳೇ," ಎಂದಳು. ಅದರಲ್ಲಿ ಕೋಪವೂ ಇತ್ತು, ಅಳುವೂ ಇತ್ತು. ಆದರೂ ಅವಳು ಫೋನಿನ ಕಡೆಗೇ ಹೋದಳು. ಮಾಡದಿದ್ದರೆ ಅವಳ ಕೆಲಸ ಹೋಗುತ್ತಿತ್ತು.

ವೈದ್ಯಕೀಯ ಕೋಣೆಯ ಮಂಚದ ಮೇಲೆ ದೊಮ್ನಿಕಾಳನ್ನು ಮಲಗಿಸುವ ಹೊತ್ತಿಗೆ ಓಣಿಯಲ್ಲಿ ಬೂಟಿನ ಸದ್ದಾಯಿತು. ಕಿಟಕಿಯ ಮಸುಕು ಗಾಜಿನಾಚೆ ಪೊಲೀಸ್ ಟೋಪಿಯ ನೆರಳು. ಡಾಕ್ಟರು ನರ್ಸನ್ನು ಹತ್ತಿ ತರಲು ಕಳಿಸಿ ಬಾಗಿಲ ಚಿಲಕ ಹಾಕಿದಳು.

"ಏನು ತಗೊಂಡ್ರಿ? ಎಲ್ಲಿಗೆ ಹೋಗಿದ್ರಿ? ನನಗಾದರೂ ನಿಜ ಹೇಳಿ, ಇಲ್ಲದಿದ್ದರೆ ಏನು ಕೊಡಬೇಕು ಅಂತ ನನಗೆ ಗೊತ್ತಾಗಲ್ಲ."

"ಎಲ್ಲಿಗೂ ಹೋಗಿಲ್ಲ. ಮಕ್ಕಳಾಣೆ. ಇದು ಮುಟ್ಟು."

"ಮೂವತ್ತೆಂಟು ದಿನಕ್ಕೆ? ಈ ಮಾತು ಅವನು ನಂಬ್ತಾನಾ?" ಗಲ್ಲದಿಂದ ಬಾಗಿಲ ಕಡೆ ತೋರಿಸಿದಳು.

ದೊಮ್ನಿಕಾಳ ಕೈ ಜೇಬಿನ ಮೇಲಿತ್ತು. ತೆಗೆದರೆ ಗಂಡಹೆಂಡಿರ ಗುಟ್ಟು, ತುದೋರಾಳ ಮಾತು, ಏಳು ತಿಂಗಳ ಸುಳ್ಳು ಎಲ್ಲ ಬೀದಿಗೆ. ತೆಗೆಯದಿದ್ದರೆ ಆ ಕುರ್ಚಿ ಮಂಚದ ಪಕ್ಕಕ್ಕೆ ಬರುತ್ತದೆ. ಪುಸ್ತಕ ತೆಗೆದು, ಹಿಂಬದಿಯ ಹಾಳೆ ಬಿಡಿಸಿದಳು.

"ಇಲ್ಲಿ ಜ್ವರ. ಗಂಟಲಿನದು. ಆವತ್ತು ನರ್ಸ್ ಹತ್ತಿರ ಮಾತ್ರೆ ಈಸ್ಕೊಂಡಿದ್ದೆ, ಬರೆದಿರ್ತಾರೆ ನೋಡಿ. ಇಲ್ಲಿ ಇಳೀತು. ಇದು... ಇದು ಎಳೆ, ಮೊಟ್ಟೆಯ ಬಿಳಿ ಥರದ್ದು. ಮೂರು ದಿನ. ಇಲ್ಲಿ ಏರಿತು. ಏರಿ ಹದಿಮೂರು ದಿನ, ಹದಿನಾಲ್ಕಕ್ಕೆ ಇವತ್ತು. ಬೆಳಗ್ಗೆ ಇಳಿದಿತ್ತು, ನಾಲ್ಕು. ಅಂಡವೇ ತಡ, ಡಾಕ್ಟರ್. ಮುಟ್ಟು ತಡ ಅಲ್ಲ."

ಡಾಕ್ಟರು ಓದಿದಳು. ಒಂದು ಹಾಳೆ ಹಿಂದಕ್ಕೆ ತಿರುವಿದಳು, ಇನ್ನೊಂದು, ಸೆಪ್ಟೆಂಬರಿನವರೆಗೆ. ಕೈತೊಳೆದುಕೊಂಡು ಬಂದು, ಬಹಳ ಮೆತ್ತಗೆ, ಪೂರ್ತಿಯಾಗಿ ಪರೀಕ್ಷೆ ಮಾಡಿದಳು. ಮಾಡಿ ಮುಗಿಸಿ, ಮಂಚದ ಅಂಚಿಗೆ ಕೈಯೂರಿ ಉಸಿರು ಬಿಟ್ಟಳು.

ಬಾಗಿಲು ಅರ್ಧ ತೆರೆದು ಅವಳು ಲೆಫ್ಟಿನೆಂಟಿಗೆ ಹೇಳಿದ್ದು ದೊಮ್ನಿಕಾಳಿಗೂ ಕೇಳಿಸಿತು. ದನಿ ಹಲಗೆಯ ಹಾಗೆ ಒಣಗಿತ್ತು.

"ತಡವಾದ ಮುಟ್ಟು. ಜ್ವರದ ಕಾರಣ. ಗರ್ಭದ ಗುರುತೇ ಇಲ್ಲ, ಯಾವ ಗಾಯವೂ ಇಲ್ಲ. ಬರೆದುಕೊಡ್ತೀನಿ."

"ಸೋಮವಾರ ನೀವೇ ಅನುಮಾನ ಅಂತ ಬರೆದಿದೀರಿ, ಕಾಮ್ರೇಡ್ ಡಾಕ್ಟರ್."

"ಅನುಮಾನ ಅಂತ ಬರೆದಿದ್ದೆ. ಈಗ ಇಲ್ಲ ಅಂತ ಬರೀತೀನಿ. ನಿಮಗೆ ಮೈ ಪರೀಕ್ಷೆ ಬರೋದಾದರೆ ಒಳಗೆ ಬನ್ನಿ."

ಬೂಟಿನ ಸದ್ದು ಮೆಟ್ಟಿಲು ಇಳಿಯಿತು.

ಡಾಕ್ಟರು ಮತ್ತೆ ಚಿಲಕ ಹಾಕಿದಳು. ಮೇಜಿನ ಹಿಂದೆ ಕೂತು ಬರೆಯಲು ಹೊರಟವಳು ಪೆನ್ನು ಕೆಳಗಿಟ್ಟಳು. ದೊಮ್ನಿಕಾ ಆಗಲೇ ಮೊದಲ ಸಲ ಗಮನಿಸಿದ್ದು: ಈ ಹುಡುಗಿಯ ಉಗುರುಗಳೆಲ್ಲ ಕಚ್ಚಿ ಕಚ್ಚಿ ಬುಡದವರೆಗೆ ಸವೆದಿದ್ದವು.

"ಎಳೆ ನಿಂತ ಮೇಲೆ," ಎಂದಳು ಡಾಕ್ಟರು, ಪುಸ್ತಕದ ಮೇಲಿನಿಂದ ಕಣ್ಣೆತ್ತದೆ, "ಎಷ್ಟು ದಿನ ಬಿಡ್ತೀರಿ?"

ದೊಮ್ನಿಕಾ ಮಂಚದ ಮೇಲೆ ಎದ್ದು ಕೂತಳು. ಬಲೆಯಿರಬಹುದು. ಹೇಳಿಸಿ ಬರೆದುಕೊಳ್ಳುವುದಿರಬಹುದು. "ಯಾಕೆ ಕೇಳ್ತೀರಿ?"

"ನಮಗೆ ಇದನ್ನ ಅರ್ಧ ಪುಟ ಹೇಳಿಕೊಟ್ಟರು. ಅದೂ ಪರೀಕ್ಷೆಗೆ ಬರಲ್ಲ ಅಂದರು." ದನಿ ತಗ್ಗಿಸಿ, "ನನಗೊಂದು ಮಗು ಇದೆ. ಎರಡು ವರ್ಷದ್ದು. ಗಂಡ ಶನಿವಾರ ಮಾತ್ರ ಬರ್ತಾನೆ. ಶನಿವಾರ ಬಂತೆಂದರೆ ಮಗುನ ನಡುವೆ ಮಲಗಿಸ್ಕೋತೀನಿ," ಎಂದಳು.

ಓಣಿಯಲ್ಲಿ ನರ್ಸಿನ ಹೆಜ್ಜೆ ಕೇಳಿಸಿತು.

"ನಾಲ್ಕು," ಎಂದಳು ದೊಮ್ನಿಕಾ. "ಒಣಗಿದ ಮೇಲೆ ನಾಲ್ಕು. ಜ್ವರ ಇದ್ದಾಗ ಕಡ್ಡಿಯನ್ನ ನಂಬಬೇಡಿ. ಎಳೆಯನ್ನ ನಂಬಿ."

ಡಾಕ್ಟರು ಪುಸ್ತಕ ಮುಚ್ಚಿ ಅವಳ ಜೇಬಿಗೆ ತಾನೇ ಇಳಿಸಿದಳು.

ಅಷ್ಟಕ್ಕೇ ಭಯ ಹೋಗಲಿಲ್ಲ. ಆ ಹೆಂಗಸು ಮನಸ್ಸು ಬದಲಿಸಿದರೆ? ಯಾರಾದರೂ ಅವಳನ್ನು ಹೆದರಿಸಿ ಕೇಳಿದರೆ? ವಾರಗಟ್ಟಲೆ ದೊಮ್ನಿಕಾ ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ಕೈಯಲ್ಲಿದ್ದದ್ದನ್ನು ಕೆಳಗಿಡುತ್ತಿದ್ದಳು. ಏಪ್ರಿಲಿನ ತಪಾಸಣೆಗೆ ಮತ್ತೆ ಸಾಲಿನಲ್ಲಿ ನಿಂತಳು. ಒಳಗೆ ನರ್ಸೂ ಇದ್ದಳು, ಪ್ರೊಫಿರಾಳೂ ಇದ್ದಳು. ಡಾಕ್ಟರು ಕಾರ್ಡು ಬರೆಯುತ್ತ, ತಲೆಯೆತ್ತದೆ ಕೇಳಿದಳು: "ಮೂರು ಅಲ್ಲ, ನಾಲ್ಕು ಅಂದ್ರಲ್ಲ?"

"ನಾಲ್ಕು, ಕಾಮ್ರೇಡ್ ಡಾಕ್ಟರ್."

"ಸರಿ. ಮುಂದಿನವರು."

ಅವರಿಬ್ಬರ ನಡುವೆ ಮತ್ತೆಂದೂ ಆ ಮಾತು ಬರಲಿಲ್ಲ. ಆದರೆ ಆ ವರ್ಷ ಗಿರಣಿಯ ಹೆಂಗಸರಲ್ಲಿ ಹಳೆಯ ಹತ್ತು-ಹತ್ತರ ಲೆಕ್ಕ ಹೋಗಿ ಬೇರೊಂದು ಬಂತು. ಎಲ್ಲಿಂದ ಬಂತೆಂದು ಯಾರೂ ಹೇಳಲಿಲ್ಲ. ದೊಮ್ನಿಕಾ ಐದಾರು ಜನಕ್ಕೆ, ಒಬ್ಬೊಬ್ಬರಿಗೇ, ಯಂತ್ರದ ಸದ್ದಿನ ಮರೆಯಲ್ಲಿ ಹೇಳಿದ್ದಳು. ಎಲ್ಲರೂ ಪಾರಾದರೆಂದಲ್ಲ. ಅವರಲ್ಲಿ ಇಬ್ಬರು ಬಸಿರಾದರು, ಹೆತ್ತರು. ಒಬ್ಬಳು ಅವಳ ಮೇಲೆ ಮುನಿಸಿಕೊಂಡು ಮಾತು ಬಿಟ್ಟಳು.

1989ರ ಡಿಸೆಂಬರಿನ ಕೊನೆಯ ವಾರ ಸರಕಾರ ಬಿತ್ತು, ಕಾನೂನೂ ಅದರ ಜೊತೆಗೆ ಹೋಯಿತು. ವೈದ್ಯಕೀಯ ಕೋಣೆಯ ಮುಂದೆ ಸಾಲು ನಿಲ್ಲುವುದು ತಪ್ಪಿತು. ಡಾಕ್ಟರ್ ಸ್ಮರಂಡಾ ಯಾಶಿಗೆ ಹಿಂತಿರುಗಿದಳು. ವಸಂತದಲ್ಲಿ ಔಷಧದಂಗಡಿಗೆ ಮಾತ್ರೆ ಬಂತು. ಇಲಾರಿಯೆ ಒಂದು ಮಧ್ಯಾಹ್ನ, ಮಕ್ಕಳಿಲ್ಲದ ಹೊತ್ತಿನಲ್ಲಿ, ಹೆಂಡತಿಯ ಭುಜದ ಮೇಲೆ ಕೈಯಿಟ್ಟ. ಅವಳ ಮೈ ಸೆಟೆಯಿತು.

"ಈಗ ಯಾರ ಭಯವೇ?"

"ಯಾರದೂ ಇಲ್ಲ. ನನಗೆ ಗೊತ್ತು. ಮೈಗೆ ಇನ್ನೂ ಗೊತ್ತಾಗಿಲ್ಲ. ಸ್ವಲ್ಪ ತಡಿ."

ಅವನು ತಡೆದ. ಬೇಸಿಗೆಯವರೆಗೆ ಹಿಡಿಯಿತು.

ಗಿರಣಿ ಮುಚ್ಚುವವರೆಗೆ ದೊಮ್ನಿಕಾ ಅಲ್ಲೇ ದುಡಿದಳು. ನಾಲ್ಕನೆಯ ಮಗು ಆಗಲಿಲ್ಲ. ಮೂರನ್ನೂ ತಾನೇ ದೊಡ್ಡದು ಮಾಡಿದಳು. ನಲವತ್ತೊಂಬತ್ತರಲ್ಲಿ ಅವಳ ಮುಟ್ಟು ಹಿಂದೆಮುಂದೆಯಾಗತೊಡಗಿತು. ಆ ವಯಸ್ಸಿಗೆ ಆಗಬೇಕಾದದ್ದೇ. ಮೊದಲ ಸಲ ನಲವತ್ತು ದಿನ ದಾಟಿದ ಬೆಳಗ್ಗೆ ಅವಳು ಹಾಸಿಗೆಯ ಅಂಚಿನಲ್ಲಿ ಕೂತು ಬೆರಳು ಎಣಿಸುತ್ತಿದ್ದಳು, ಕಿವಿ ಬಾಗಿಲ ಕಡೆ. ಇಲಾರಿಯೆ ಕಾಫಿ ಹಿಡಿದು ಬಂದವನು ಅವಳ ಮುಖ ನೋಡಿ ಪಕ್ಕದಲ್ಲಿ ಕೂತ. ಅವಳು ಎಣಿಸುವುದನ್ನು ನಿಲ್ಲಿಸುವವರೆಗೆ ಕಾಫಿಯ ಬಟ್ಟಲನ್ನು ಕೈಯಲ್ಲೇ ಹಿಡಿದುಕೊಂಡಿದ್ದ.